ಸುಬ್ಬಯ್ಯನ ಪಥ್ಯದ ಮೀನು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ಕೊಪ್ಪದ ಟೈಪಿಸ್ಟ್ ಸುಬ್ಬಯ್ಯನಿಗೆ ಬಹಳ ಇಷ್ಟ. ಕಛೇರಿಯಲ್ಲಿ ಯಾರು ಕೆಮ್ಮಿದರೂ ಅವರಿಗೆ ಇದನ್ನು ಹೇಳದೆ ಬಿಡುತ್ತಿರಲಿಲ್ಲ. ಆದರೆ ಗಾದೆಯ ಮೊದಲರ್ಧವನ್ನು ಪಾಲಿಸದೆ ಅವನಿಗೆ ಹೊಟ್ಟೆ ಬಂದಿತ್ತು, ಉಳಿದರ್ಧವನ್ನು ಪಾಲಿಸದೆ ಹೆಂಡತಿ ಜಲಜಮ್ಮನೆದುರು ದಿನಾ ಸೋಲು ಬರುತ್ತಿತ್ತು. ಸೋಲು ಅಭ್ಯಾಸವಾಗಿ ಹೋಗಿತ್ತು. ಹೊಟ್ಟೆ ಮಾತ್ರ ರಾತ್ರಿಯಾದರೆ ಎದೆಯುರಿ ಕೊಡತೊಡಗಿತು.

ಡಾಕ್ಟರು ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿದರು. "ರಾತ್ರಿ ಊಟ ಹಗುರ ಮಾಡಿ ಸುಬ್ಬಯ್ಯ. ಒಂದಿಷ್ಟು ತರಕಾರಿ, ಒಂದೆರಡು ತುಂಡು ಮೀನು, ಒಟ್ಟಿಗೆ ಬೇಯಿಸ್ಕೊಂಡು ತಿನ್ನಿ. ಎಣ್ಣೆ ಬೇಡ, ಕಾಯಿ ಬೇಡ" ಎಂದರು. ಸುಬ್ಬಯ್ಯ ಅದನ್ನು ಸರ್ಕಾರಿ ಆದೇಶದಂತೆ ಮನೆಗೆ ಹೊತ್ತು ತಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ ಹೇಳಿದ ಹಾಗೆ ಹೇಳಿದ.

ಜಲಜಮ್ಮ ಒರಳಿನ ಮುಂದೆ ಕೂತಿದ್ದಳು. ಅವಳ ಮೀನುಸಾರೆಂದರೆ ಸಾಮಾನ್ಯವಲ್ಲ. ಒಂದಿಡೀ ಕಾಯಿ, ಅದಕ್ಕೆ ತಕ್ಕ ಮೆಣಸು, ಕೊತ್ತಂಬರಿ, ಎಲ್ಲವೂ ಬೆಣ್ಣೆಯ ಹಾಗೆ ನುಣ್ಣಗಾಗುವವರೆಗೆ ಅವಳು ಏಳುತ್ತಿರಲಿಲ್ಲ. (ಆಗಿನ್ನೂ ಮಿಕ್ಸಿ ಇದ್ದವರು ಕೊಪ್ಪದಲ್ಲಿ ದೊಡ್ಡ ಮನುಷ್ಯರು.)

"ಕಾಯಿ ಹಾಕ್ಬಾರ್ದಂತಾ?" ಎಂದಳು ಜಲಜಮ್ಮ. "ಹಂಗಾದ್ರೆ ಅದನ್ನ ಸಾರು ಅನ್ನೋದೋ, ಮೀನು ಮೀಯಿಸಿದ ನೀರು ಅನ್ನೋದೋ?"

"ನಗಾಡ್ಬೇಡ ಮಾರಾಯ್ತಿ. ನೀನು ಮಧ್ಯಾಹ್ನ ಒರಳಿಗೆ ಕೂತ್ರೆ ಏಳೋದು ದೀಪ ಹಚ್ಚೋ ಹೊತ್ತಿಗೆ. ನಾನು ಅರ್ಧ ಗಂಟೇಲಿ ಮಾಡಿ ತೋರಿಸ್ತೀನಿ. ನಾಳೆ ರಾತ್ರಿ ಅಡುಗೆ ನಂದು."

"ಮೀನು?"

ಇಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಗೆಲ್ಲುತ್ತಿದ್ದೇನೆ ಎಂದು ಕಂಡಾಗ ಗಂಡಸು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ.

"ಮೀನೂ ನಾನೇ ತರ್ತೀನಿ. ಬಷೀರನ ಬುಟ್ಟಿ ಮೀನಲ್ಲ. ಅದು ಸತ್ತು ಯಾವ ಕಾಲ ಆಗಿರ್ತದೋ ಏನೋ. ನಿಂಗೆ ಮೀನು ಆರಿಸೋಕೆ ಬರಲ್ಲ, ಅವನು ಕೊಟ್ಟಿದ್ದು ತಗೋತೀಯ. ನಾಳೆ ಆಫೀಸ್ ಕೆಲಸದ ಮೇಲೆ ಶೃಂಗೇರಿಗೆ ಹೋಗ್ತಿದೀನಿ. ಬರುವಾಗ ಹೊಳೆ ಮೀನು ತರ್ತೀನಿ. ಮೀನು ಅಂದ್ರೆ ಎಂತ ಅಂತ ನೋಡುವಿಯಂತೆ."

ಶೃಂಗೇರಿ ಎಂದೊಡನೆ ಒರಳು ನಿಂತಿತು. "ನಾನೂ ಬರ್ತೀನ್ರೀ. ಹೋದ ವರ್ಷದಿಂದ ಕೇಳ್ತಾ ಇದೀನಿ. ಒಂದ್ಸಲ ಅಮ್ಮನ ದರ್ಶನ ಮಾಡ್ಸಿ ಅಂತ."

"ಆಫೀಸ್ ಕೆಲಸಕ್ಕೆ ಹೆಂಡ್ತೀನ ಕಟ್ಕೊಂಡು ಹೋಗ್ತಾರಾ? ಮುಂದೆ ನೋಡುವ."

ಒರಳು ಮತ್ತೆ ತಿರುಗತೊಡಗಿತು. (ಮದುವೆಯಾದ ಓದುಗರು ಇಲ್ಲಿ ಸ್ವಲ್ಪ ಎಚ್ಚರವಾಗುತ್ತಾರೆ. ಸುಬ್ಬಯ್ಯ ಎಚ್ಚರವಾಗಲಿಲ್ಲ.) ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಚಿಕ್ಕಕ್ಕ ಮಾತ್ರ, "ಹೊಳೆ ಮೀನಾ? ತಾ ನೋಡುವ" ಎಂದಳು. ಚಿಕ್ಕಕ್ಕ ಸುಬ್ಬಯ್ಯನ ತಾಯಿಯ ತಂಗಿ. ಊರಿಗೆಲ್ಲ ಚಿಕ್ಕಕ್ಕನಾದ್ದರಿಂದ ಇವನಿಗೂ ಚಿಕ್ಕಕ್ಕನೇ. ಆ ಮನೆಯ ಸುಪ್ರೀಂ ಕೋರ್ಟು ಅವಳು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಶೃಂಗೇರಿಯಲ್ಲಿ ಸುಬ್ಬಯ್ಯ ನಂಬಿಕೊಂಡಿದ್ದದ್ದು ಕರಿಯಣ್ಣನನ್ನು. ಕರಿಯಣ್ಣ ಪೇಟೆಯಿಂದ ಬಹಳ ಕೆಳಗೆ, ಹೊಳೆ ತಿರುಗುವ ಕಡೆ ಬಲೆ ಬೀಸುವವನು. ಮಠದ ಮುಂದಿನ ಮೀನಿನ ಮಾತು ಬೇರೆ. ಅವು ಅಮ್ಮನ ಮೀನು. ಯಾತ್ರಿಕರು ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎಸೆದರೆ ಮೊಣಕೈ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತವೆ. ಅವನ್ನು ಹಿಡಿಯುವ ಯೋಚನೆ ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಯಾವ ಜಾತಿಯವನಿಗೂ ಬರುವುದಿಲ್ಲ. ಸುಬ್ಬಯ್ಯನೂ ಕೆಲಸ ಮುಗಿಸಿ ಅಲ್ಲಿಗೆ ಹೋಗಿ, ಒಂದು ಪೊಟ್ಟಣ ಮಂಡಕ್ಕಿ ಕೊಂಡು ಅರ್ಧ ಮೀನಿಗೆ ಹಾಕಿ, ಉಳಿದರ್ಧವನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು, ಅಮ್ಮನಿಗೆ ಕೈಮುಗಿದ. ಆಮೇಲೆ ಬಿಸಿಲಲ್ಲಿ ನಡೆದು ಕರಿಯಣ್ಣನ ಮನೆಗೆ ಹೋದರೆ, ಕರಿಯಣ್ಣ ಬೀಗರ ಮನೆಗೆ ಹೋಗಿದ್ದ. ಬಲೆ ಮಾತ್ರ ಬೇಲಿ ಮೇಲೆ ಒಣಗುತ್ತಿತ್ತು.

ಬರಿಗೈಯಲ್ಲಿ ಬಸ್ ಹತ್ತಿದ ಸುಬ್ಬಯ್ಯನಿಗೆ ಕೊಪ್ಪದವರೆಗೂ ಹೆಂಡತಿಯ ಮುಖವೇ ಕಾಣುತ್ತಿತ್ತು. ಅವಳು ಬೈಯುವವಳಲ್ಲ. "ಹೊಳೆ ಮೀನು ಎಲ್ರೀ?" ಎಂದು ಮೆತ್ತಗೆ ಕೇಳಿ ನಗುತ್ತಾಳೆ. ಆ ನಗುವಿಗೆ ಹೆದರಿಯೇ ಮನುಷ್ಯ ಕೆಟ್ಟದ್ದು.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಬಷೀರ್, ಅವನ ಸೈಕಲ್ಲು, ಸೈಕಲ್ಲಿನ ಹಿಂದೆ ಬುಟ್ಟಿ. ಬುಟ್ಟಿಯಲ್ಲಿ ಒಂದೇ ಒಂದು ಮೀನು ಉಳಿದಿತ್ತು. ದೊಡ್ಡ ಗೆಂಡೆ. ಬಷೀರನ ಮನೆ ಸುಬ್ಬಯ್ಯನ ಹಿತ್ತಿಲಿಗೆ ತಾಗಿಕೊಂಡೇ ಇದ್ದುದರಿಂದ ಇಬ್ಬರಿಗೂ ಚೆನ್ನಾಗಿ ಸಲುಗೆ.

"ನರಸಿಂಹರಾಜಪುರದ ಹಿನ್ನೀರಿಂದು ಸುಬ್ಬಯ್ಯೋರೆ, ಬೆಳಿಗ್ಗೆ ಹಿಡಿದಿದ್ದು" ಎಂದ ಬಷೀರ್.

ಸುಬ್ಬಯ್ಯ ಆಚೆಈಚೆ ನೋಡಿದ. ಚೌಕಾಸಿ ಮಾಡದೆ ಹೇಳಿದಷ್ಟು ಕೊಟ್ಟ. ಬಷೀರನಿಗೆ ಆಗಲೇ ಸಂಶಯ ಬಂತು.

"ಬಷೀರ್, ಒಂದು ಮಾತು. ನಾನು ನಿನ್ನ ಹತ್ರ ಮೀನು ತಗೊಂಡಿಲ್ಲ. ಯಾರು ಕೇಳಿದ್ರೂ ಇಲ್ಲ ಅನ್ಬೇಕು. ನಾನೇ ಬಂದು ಕೇಳಿದ್ರೂ ಇಲ್ಲ ಅನ್ಬೇಕು. ತಿಳೀತಾ?"

"ನೀವೇ ಕೇಳಿದ್ರೂನಾ?"

"ಹ್ಞೂಂ, ನಾನೇ ಕೇಳಿದ್ರೂ."

"ಬಾಯಿ ಬಿಟ್ರೆ ಕೇಳಿ ಮಾರಾಯ್ರೆ" ಎಂದು ಬಷೀರ್ ಮೀನನ್ನು ತೇಗದ ಎಲೆಯಲ್ಲಿ ಸುತ್ತಿ ಚೀಲಕ್ಕೆ ಇಳಿಸಿದ.

ಮನೆಗೆ ಬಂದ ಸುಬ್ಬಯ್ಯನ ಗತ್ತು ನೋಡಬೇಕಿತ್ತು. ಕೈಕಾಲು ತೊಳೆದು, ಪಂಚೆ ಎತ್ತಿ ಕಟ್ಟಿ, ಗಡಿಯಾರವನ್ನು ಬಿಚ್ಚಿ ಗೂಡಿನಲ್ಲಿಟ್ಟು, "ಅರ್ಧ ಗಂಟೆ. ಯಾರೂ ಸಹಾಯ ಮಾಡೋದು ಬೇಡ" ಎಂದು ಘೋಷಿಸಿದ. ಜಲಜಮ್ಮ ಹೊಸ್ತಿಲ ಮೇಲೆ ಮಲ್ಲಿಗೆ ಕಟ್ಟುತ್ತಾ ಕೂತಳು. ಚಿಕ್ಕಕ್ಕ ಅಡಕತ್ತರಿ ಹಿಡಿದು ಒಳಗೇ ಮಣೆ ಹಾಕಿಸಿಕೊಂಡಳು.

ಸೀಮೆಎಣ್ಣೆ ಸ್ಟವ್ವಿಗೆ ಪಂಪು ಹೊಡೆಯುವುದರಲ್ಲೇ ಸುಬ್ಬಯ್ಯನ ಅರ್ಧ ಉಸಿರು ಖರ್ಚಾಯಿತು. ಆಮೇಲೆ ತರಕಾರಿ. ಬೀನ್ಸು ಬೆರಳುದ್ದ, ಕ್ಯಾರೆಟ್ಟು ಉಗುರಿನಷ್ಟು, ನವಿಲುಕೋಸು ಮಗುವಿನ ಮುಷ್ಟಿಯಷ್ಟು. ಒಂದೇ ಅಳತೆಯಲ್ಲಿ ಹೆಚ್ಚಬೇಕೆಂಬ, ಪಾಮರರಿಗೂ ಇರುವ ಜ್ಞಾನ ಅವನಿಗೆ ಇರಲಿಲ್ಲ. ಶುಂಠಿ ಜಜ್ಜಿದ. ಕಾಳುಮೆಣಸು ಕುಟ್ಟುವಾಗ ಒಂದು ಕಾಳು ಹಾರಿ ಚಿಕ್ಕಕ್ಕನ ಸೆರಗಿಗೆ ಬಿತ್ತು.

"ಕಾಯಿ ಇಲ್ಲೇ ಇದೆ. ತುರಿದುಕೊಡ್ಲಾ?" ಎಂದಳು ಜಲಜಮ್ಮ.

"ಕಾಯಿ ಮುಟ್ಟುವ ಹಾಗಿಲ್ಲ. ತರಕಾರಿ ಅರ್ಧ ಬೇಯ್ಬೇಕು, ಮೇಲೆ ಮೀನು ಇಡ್ಬೇಕು, ಮುಚ್ಚಬೇಕು, ಇಳಿಸಿ ನಿಂಬೆಹುಳಿ ಹಿಂಡ್ಬೇಕು. ಮುಗೀತು. ನೀವೆಲ್ಲ ಸೇರಿ ಅಡುಗೆ ಅಡುಗೆ ಅಂತ ಸುಮ್ನೆ ದೊಡ್ಡ ಸುದ್ದಿ ಮಾಡಿಟ್ಟಿದೀರಿ."

ತರಕಾರಿ ಕುದಿಯತೊಡಗಿತು. ಸುಬ್ಬಯ್ಯ ಚೀಲಕ್ಕೆ ಕೈಹಾಕಿ, ದೇವರ ಉತ್ಸವಮೂರ್ತಿಯನ್ನು ಹೊರಗೆ ತರುವ ಹಾಗೆ ಮೀನನ್ನು ತೆಗೆದು ಮಣೆಯ ಮೇಲಿಟ್ಟ.

"ಒಳ್ಳೇ ಮೀನು. ಎಲ್ಲಿದು ಸುಬ್ಬ?" ಎಂದಳು ಚಿಕ್ಕಕ್ಕ.

"ಶೃಂಗೇರಿದು. ತುಂಗೇದು. ಮಧ್ಯಾಹ್ನ ನೀರಲ್ಲಿ ಈಜ್ತಾ ಇತ್ತು. ನಾನೇ ಕಣ್ಣಾರೆ ನೋಡಿ ತಂದಿದ್ದು."

ಚಿಕ್ಕಕ್ಕ ಬಗ್ಗಿ ನೋಡಿದಳು. ಇನ್ನೂ ಬಗ್ಗಿದಳು. ಅಡಕತ್ತರಿ ಕೆಳಗಿಟ್ಟು, ಎರಡು ಬೆರಳಲ್ಲಿ ಮೀನಿನ ಬಾಯಿ ಅಗಲಿಸಿ ಏನನ್ನೋ ಹೊರಗೆ ತೆಗೆದಳು.

"ಇದೆಂತದು?"

"ಎಂತ?"

"ಮಂಡಕ್ಕಿ."

ಜಲಜಮ್ಮನ ಕೈಯಲ್ಲಿ ಮಲ್ಲಿಗೆ ನಿಂತಿತು.

"ಸುಬ್ಬ," ಎಂದಳು ಚಿಕ್ಕಕ್ಕ ನಿಧಾನವಾಗಿ, "ಮಂಡಕ್ಕಿ ತಿನ್ನೋ ಮೀನು ಈ ಸೀಮೇಲಿ ಒಂದೇ ಕಡೆ ಇರೋದು."

ಸುಬ್ಬಯ್ಯ ಗಡಬಡಿಸಿ ಚೀಲದ ಬಾಯಿ ಅಗಲಿಸಿ ತೋರಿಸಿದ. "ಅಯ್ಯೋ ಚಿಕ್ಕಕ್ಕ! ಚೀಲದಲ್ಲಿ ಮಂಡಕ್ಕಿ ಇತ್ತು. ಎಲೆ ಬಿಚ್ಕೊಂಡು ಮೀನಿಗೆ ಅಂಟಿದೆ."

"ಅಂಟಿದ್ದು ಮೈಮೇಲೆ ಇರ್ತದೆ. ಇದು ಬಾಯೊಳಗೆ ಇತ್ತು. ಮಠದ ಮೆಟ್ಟಿಲ ಹತ್ರ ಹೋಗಿದ್ಯೋ ಇಲ್ವೋ?"

"ಹೋಗಿದ್ದೆ, ಆದ್ರೆ..."

"ಮಂಡಕ್ಕಿ ಹಾಕಿದ್ಯೋ ಇಲ್ವೋ?"

"ಹಾಕಿದೆ, ಆದ್ರೆ..."

"ಮಂಡಕ್ಕಿ ತೋರಿಸಿ ಕರೆದು ಹಿಡ್ಕೊಂಡು ಬಂದ್ಯಾ ಪಾಪಿ! ಅಮ್ಮನ ಮೀನನ್ನ! ಅದೂ ನಿನ್ನ ಹೊಟ್ಟೆ ಕರಗ್ಸೋಕೆ!"

ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎಂದು ಹೇಳುವುದು ಇಂಥವರನ್ನೇ. ಮೀನು ಶೃಂಗೇರಿಯದೆಂದರೆ ಮಹಾಪಾಪಿ. ಬಷೀರನ ಬುಟ್ಟಿಯದೆಂದರೆ ಸುಳ್ಳುಗಾರ, ಅದೂ ಹೆಂಡತಿಗೆ ಮೀನು ಆರಿಸಲು ಬರುವುದಿಲ್ಲವೆಂದು ಹಿಂದಿನ ದಿನವಷ್ಟೇ ಹೇಳಿದ ಸುಳ್ಳುಗಾರ. ಸುಬ್ಬಯ್ಯ ಒಂದು ಗಳಿಗೆ ಎರಡನ್ನೂ ತೂಗಿ ನೋಡಿದ. ಪಾಪ ಮುಂದಿನ ಜನ್ಮಕ್ಕೆ ಹೋಗಲಿ ಎನ್ನೋಣವೆಂದರೆ, ಚಿಕ್ಕಕ್ಕ ಈ ಜನ್ಮದಲ್ಲೇ ಎದುರಿಗೆ ಕೂತಿದ್ದಳು. ಕೊನೆಗೆ ಮಾನ ಬಿಟ್ಟು ಬಾಯಿಬಿಟ್ಟ.

"ಇದು ಶೃಂಗೇರಿದಲ್ಲ. ನರಸಿಂಹರಾಜಪುರದ್ದು. ಬಸ್ ಸ್ಟ್ಯಾಂಡಲ್ಲಿ ಬಷೀರನ ಹತ್ರ ತಗೊಂಡೆ. ಸುಳ್ಳು ಹೇಳಿದೆ, ತಪ್ಪಾಯ್ತು."

ಜೀವಮಾನದಲ್ಲಿ ಮೊದಲ ಸಲ ಅವನು ಹೆಂಡತಿಯೆದುರು ತಪ್ಪಾಯಿತೆಂದು ಒಪ್ಪಿಕೊಂಡಿದ್ದ. ಯಾರೂ ನಂಬಲಿಲ್ಲ.

"ಬಷೀರನ ಮೀನು ಸತ್ರೂ ತರಲ್ಲ ಅಂದೋರು ನೀವೇ ಅಲ್ವೇನ್ರೀ?" ಎಂದಳು ಜಲಜಮ್ಮ, ಬಹಳ ಬೇಸರದ ದನಿಯಲ್ಲಿ.

"ಪಾಪದ ಮೇಲೆ ಸುಳ್ಳು ಬೇರೆ!" ಎಂದಳು ಚಿಕ್ಕಕ್ಕ.

"ಕರೀರಿ ಬಷೀರನ್ನ! ಅವನ ಬಾಯಿಂದಲೇ ಕೇಳಿ!"

ಹಿತ್ತಿಲ ಬೇಲಿಯಾಚೆ ಬಷೀರ್ ಬುಟ್ಟಿ ತೊಳೆಯುತ್ತಿದ್ದ. ಜಲಜಮ್ಮ ಕರೆದಳು. ಅವನು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತ.

"ಎಂತ ಜಲಜಕ್ಕ?"

"ಬಷೀರಣ್ಣ, ಇವತ್ತು ಇವರಿಗೆ ನೀವು ಮೀನು ಕೊಟ್ರಾ?"

ಬಷೀರ್ ಸುಬ್ಬಯ್ಯನನ್ನು ನೋಡಿದ. ಸುಬ್ಬಯ್ಯ ಜೋರಾಗಿ ತಲೆ ಕುಣಿಸುತ್ತಿದ್ದ, ಕಣ್ಣು ಹೊಡೆಯುತ್ತಿದ್ದ, "ಹೇಳು ಬಷೀರ್, ಕೊಟ್ಟೆ ಅಂತ ಹೇಳು" ಎನ್ನುತ್ತಿದ್ದ. ನಾನೇ ಕೇಳಿದರೂ ಹೇಳಬೇಡ ಎಂದಿದ್ದರಲ್ಲ, ಅದು ಇದೇ ಪರೀಕ್ಷೆ ಎಂದು ಬಷೀರನಿಗೆ ಖಾತ್ರಿಯಾಯಿತು. ಸ್ನೇಹವೆಂದರೆ ಸುಮ್ಮನೆಯೇ?

"ಮೀನಾ? ನಾನೆಲ್ಲಿ ಕೊಟ್ಟೆ ಮಾರಾಯ್ರೆ! ಇವರ ಮುಖ ನೋಡದೆ ಎಂಟು ದಿನ ಆಯ್ತು."

"ಬಷೀರ್! ನಿಜ ಹೇಳೋ!"

"ನಿಜಾನೇ ಸುಬ್ಬಯ್ಯೋರೆ. ನೀವು ಎಷ್ಟು ಕೇಳಿದ್ರೂ ಅಷ್ಟೇ" ಎಂದು ಬಷೀರ್ ಹೆಮ್ಮೆಯಿಂದ ಕಣ್ಣು ಮಿಟುಕಿಸಿದ.

ಚಿಕ್ಕಕ್ಕ ಎರಡು ಕೈಯನ್ನೂ ಕೆನ್ನೆಗೆ ಹಚ್ಚಿಕೊಂಡಳು. "ಕೇಳಿದ್ಯಾ ಜಲಜ? ಮಠದ ಮುಂದಿಂದ ಅಮ್ಮನ ಮೀನು ಹಿಡಿದು ತಂದಿದಾನೆ!"

ಬಷೀರನ ಮುಖ ಬಿಳಿಚಿತು. "ಅಮ್ಮನ ಮೀನಾ? ಅಯ್ಯಯ್ಯೋ, ಹಂಗಾ ವಿಷಯ? ಇಲ್ಲ ಇಲ್ಲ ಚಿಕ್ಕಕ್ಕ, ಆ ಮೀನು ನಾನೇ ಕೊಟ್ಟಿದ್ದು! ಈಗಷ್ಟೇ ಬಸ್ ಸ್ಟ್ಯಾಂಡಲ್ಲಿ ಕೊಟ್ಟೆ!"

ಚಿಕ್ಕಕ್ಕನ ಕಣ್ಣಲ್ಲಿ ನೀರೇ ಬಂತು. "ನೋಡು ಸುಬ್ಬ, ಮನುಷ್ಯ ಅಂದ್ರೆ ಇವನು. ನಿನ್ನ ಪಾಪ ತನ್ನ ತಲೆ ಮೇಲೆ ಹಾಕ್ಕೊಳ್ತಿದಾನೆ. ಹೋಗಪ್ಪ ಬಷೀರ, ನಿಂಗೆ ದೇವರು ಒಳ್ಳೇದು ಮಾಡ್ಲಿ."

ಬಷೀರ್ ಇನ್ನೂ ಎರಡು ಸಲ ನಿಜ ಹೇಳಲು ನೋಡಿದ. ಪ್ರತಿ ಸಲವೂ ಅವನ ದೊಡ್ಡ ಗುಣವೇ ಮೇಲಾಗುತ್ತಾ ಹೋದ್ದರಿಂದ ಬೆವರು ಒರೆಸಿಕೊಳ್ಳುತ್ತಾ ಹೊರಟುಹೋದ.

ತೀರ್ಪು ಅಲ್ಲೇ ಹೊರಬಿತ್ತು. ಮೀನು ಒಲೆಗೆ ಹೋಗಕೂಡದು. ಬರುವ ಭಾನುವಾರ ಸುಬ್ಬಯ್ಯ ಶೃಂಗೇರಿಗೆ ಹೋಗಿ, ಅಮ್ಮನಿಗೆ ತಪ್ಪುಕಾಣಿಕೆ ಹಾಕಿ, ಮೀನುಗಳಿಗೆ ಹೊಟ್ಟೆ ತುಂಬ ಮಂಡಕ್ಕಿ ಹಾಕಬೇಕು.

"ನಾನೂ ಹೋಗ್ಬೇಕಾಗ್ತದಾ ಚಿಕ್ಕಕ್ಕ?" ಎಂದು ಜಲಜಮ್ಮ ತಲೆ ತಗ್ಗಿಸಿ ಕೇಳಿದಳು.

"ಹೋಗದೆ? ಗಂಡನ ಪಾಪ ಅಂದ್ರೆ ನಿಂಗೂ ತಾಗಲ್ವಾ? ನಾನೂ ಬರ್ತೀನಿ."

ಜಲಜಮ್ಮ ಮೀನನ್ನು ಬಾಳೆಲೆಯಲ್ಲಿ ಸುತ್ತಿಕೊಂಡು, "ಇದಕ್ಕೊಂದು ಗತಿ ಕಾಣಿಸ್ತೀನಿ" ಎಂದು ಹಿತ್ತಿಲ ಕಡೆ ಹೋದಳು. ಚಿಕ್ಕಕ್ಕನೂ ಅವಳ ಹಿಂದೆ ನಡೆದಳು. ಬಹಳ ಹೊತ್ತಾದರೂ ಇಬ್ಬರೂ ಬರಲಿಲ್ಲ. ನುಗ್ಗೆಮರದ ಬುಡದಲ್ಲಿ ಅಗೆದು ಹೂಳುತ್ತಿರಬೇಕೆಂದು ಸುಬ್ಬಯ್ಯ ಊಹಿಸಿಕೊಂಡ. ಬಂದಾಗ ಇಬ್ಬರೂ, "ನಮಗೆ ಇವತ್ತು ಊಟ ಬೇಡ, ಮನಸ್ಸೇ ಸರಿ ಇಲ್ಲ" ಎಂದರು.

ಅಷ್ಟು ಹೊತ್ತಿಗೆ ಸ್ಟವ್ವಿನ ಮೇಲಿನ ತರಕಾರಿಯಲ್ಲಿ ಕ್ಯಾರೆಟ್ಟು ಕಾಣೆಯಾಗಿತ್ತು, ಬೀನ್ಸು ಗಂಜಿಯಾಗಿತ್ತು, ನವಿಲುಕೋಸೊಂದು ಇನ್ನೂ ಹಸಿಯಾಗಿಯೇ ಉಳಿದಿತ್ತು. ಸುಬ್ಬಯ್ಯ ಅದಕ್ಕೆ ಕುಟ್ಟಿದ ಕಾಳುಮೆಣಸು ಉದುರಿಸಿ, ನಿಂಬೆ ಹಿಂಡಿ, ಒಬ್ಬನೇ ಕೂತು ತಿಂದ. ದುಃಖವಾಗಿತ್ತು, ನಿಜ. ಆದರೆ ಆ ರಾತ್ರಿ ಅವನಿಗೆ ಎದೆಯುರಿ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಮಗುವಿನ ಹಾಗೆ ನಿದ್ದೆ ಮಾಡಿದ.

ಭಾನುವಾರ ಮೂವರೂ ಶೃಂಗೇರಿಗೆ ಹೋದರು. ಜಲಜಮ್ಮ ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟಿದ್ದಳು. ದರ್ಶನವಾಯಿತು, ತಪ್ಪುಕಾಣಿಕೆ ಬಿತ್ತು. ಚಿಕ್ಕಕ್ಕ ಮೇಲೆ ಕಟ್ಟೆಯಲ್ಲಿ ಕೂತಳು. ಗಂಡಹೆಂಡತಿ ಮೆಟ್ಟಿಲಿಳಿದು ಮಂಡಕ್ಕಿ ಎಸೆಯತೊಡಗಿದರು. ಮೀನುಗಳು ಬಂದು ನೀರು ಕಪ್ಪಾಯಿತು. ಜಲಜಮ್ಮ ಹುಡುಗಿಯ ಹಾಗೆ ನಗುತ್ತಿದ್ದಳು. ಅದನ್ನು ನೋಡಿ ಸುಬ್ಬಯ್ಯನಿಗೆ, ಹೋದ ವರ್ಷವೇ ಇವಳನ್ನು ಕರೆದುಕೊಂಡು ಬರಬೇಕಿತ್ತು ಎಂದು ಮನಸಾರೆ ಅನ್ನಿಸಿತು.

"ಜಲಜ, ನೀನಾದ್ರೂ ನಂಬು. ಆ ಮೀನು ಇಲ್ಲಿದಲ್ಲ."

"ಗೊತ್ತು" ಎಂದಳು ಜಲಜಮ್ಮ, ಮಂಡಕ್ಕಿ ಎಸೆಯುತ್ತಲೇ.

"ಗೊತ್ತಾ?"

"ಅವತ್ತು ಮಧ್ಯಾಹ್ನ ಬಷೀರಣ್ಣ ನಮ್ಮ ಬಾಗಿಲಿಗೂ ತಂದಿದ್ರು. ಬಾಲದ ಒಂದು ಕಡೆ ಹರಿದಿತ್ತು. ರೇಟು ಜಾಸ್ತಿ ಹೇಳಿದ್ರು, ಸಂಜೆಗೆ ಉಳಿದ್ರೆ ನೋಡುವ ಅಂದೆ. ಸಂಜೆ ನೀವೇ ತಂದ್ರಿ. ನೋಡಿದ ಕೂಡಲೇ ಗುರುತು ಸಿಕ್ತು."

ಸುಬ್ಬಯ್ಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಇವತ್ತು ಇಲ್ಲಿಗೆ ಬರ್ತಿದ್ವಾ?"

ಸುಬ್ಬಯ್ಯ ತಲೆಯೆತ್ತಿ ಮೇಲೆ ಕಟ್ಟೆಯ ಕಡೆ ನೋಡಿದ. "ಚಿಕ್ಕಕ್ಕ?"

"ಅವರಿಗೆ ಹಿತ್ತಿಲಲ್ಲೇ ಹೇಳ್ದೆ. ಆಮೇಲೆ ಮೀನು ತಗೊಂಡು ತಾಹೇರಾ ಹತ್ರ ಹೋದ್ವಿ. ಬಷೀರಣ್ಣನ ಹೆಂಡ್ತಿ ಕೈ ಗೊತ್ತಲ್ಲ. ಕಾಯಿ ಅರೆದು, ಮೆಣಸು ಮುಂದೆ ಮಾಡಿ, ಎಂಥಾ ಸಾರು ಅಂತೀರಿ! ಚಿಕ್ಕಕ್ಕ ಎರಡು ತುಂಡು ಜಾಸ್ತಿ ಹಾಕಿಸ್ಕೊಂಡ್ರು."

ಸುಬ್ಬಯ್ಯನ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಸ್ವಲ್ಪ ಬಂತು. "ನಂಗೊಂದು ತುಂಡು ಇಡ್ಬೇಕು ಅಂತ ಅನ್ನಿಸ್ಲಿಲ್ವಾ?"

"ಇಟ್ಟಿದ್ದೆ. ತಲೆ ತುಂಡೇ ಇಟ್ಟಿದ್ದೆ. ಮಾರನೇ ದಿನ ಬೆಳಿಗ್ಗೆ, ತಾಹೇರಾ ಮನೆಯಿಂದ ಮೀನುಸಾರು ಬಂದಿದೆ, ಬಡಿಸ್ಲಾ ಅಂತ ಕೇಳ್ದೆ. ಭಾನುವಾರ ಅಮ್ಮನ ಕ್ಷಮೆ ಕೇಳೋ ತನಕ ಮೀನು ಮುಟ್ಟಲ್ಲ ಅಂತ ಚಿಕ್ಕಕ್ಕನ ಎದುರು ಕೈಮುಗಿದವರು ನೀವೇ. ಅಷ್ಟು ಭಕ್ತಿ ನೋಡಿ ಒತ್ತಾಯ ಮಾಡೋಕೆ ನಂಗೇ ಮನಸ್ಸು ಬರ್ಲಿಲ್ಲ. ಚಿಕ್ಕಕ್ಕಂಗೆ ಬಡಿಸ್ದೆ."